ಕ್ರಿಸ್ಟಲ್ ಕೆಥೆಡ್ರಲ್ ಮುಳುಗಿದ್ದು ಮನೆ ಜಗಳದಿಂದಲಾ, ಬೋಧನೆಯ ಜಗಳದಿಂದಲಾ?

ನೀವು ಕೇಳಿದ್ದು ಇಷ್ಟು: ಕ್ಯಾಲಿಫೋರ್ನಿಯಾದ ಕ್ರಿಸ್ಟಲ್ ಕೆಥೆಡ್ರಲ್ ಟೀವಿಯಲ್ಲಿ ಲೋಕವೆಲ್ಲ ನೋಡುತ್ತಿದ್ದ ಚರ್ಚು. ಅಂಥದ್ದು ದಿವಾಳಿ ಎದ್ದು ಮಾರಾಟ ಆಗಿದ್ದು ಅಪ್ಪ ಮಕ್ಕಳ ಜಗಳದಿಂದಲಾ, ಇಲ್ಲಾ ಬೋಧನೆಯ ಬಗ್ಗೆ ಎದ್ದ ಜಗಳದಿಂದಲಾ?

ನನ್ನ ಪ್ರಕಾರ ಎರಡೂ ಒಂದೇ ಜಗಳ. ಅಪ್ಪ, ಅಂದರೆ ಚರ್ಚು ಕಟ್ಟಿದ ರಾಬರ್ಟ್ ಎಚ್. ಶುಲ್ಲರ್, ಒಂದು ಥರ ಬೋಧಿಸಿದರು, ಮಗ ಇನ್ನೊಂದು ಥರ, ಮಗಳು ಮತ್ತೊಂದು ಥರ. ಐದಾರು ವರ್ಷದ ಒಳಗೆ ಒಂದೇ ಗಾಜಿನ ಸೂರಿನ ಕೆಳಗೆ ಮೂರು ಬೇರೆ ಬೇರೆ ಚರ್ಚು ನಡೆದುಹೋದವು. ಪ್ರತಿ ಸಲವೂ ಒಂದಿಷ್ಟು ಜನ ಎದ್ದು ಹೋದರು. ಅವರ ಕಾಣಿಕೆಯೂ ಅವರ ಜೊತೆ ಹೋಯಿತು. ಸಾಲ ಮಾತ್ರ ಎಲ್ಲಿಗೂ ಹೋಗಲಿಲ್ಲ.

ನಾನು ಧಾರವಾಡ ಕಡೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದವನು. ಈಗ ಕೆಲಸ ಇರುವುದು ಕ್ಯಾಲಿಫೋರ್ನಿಯಾದ ಇದೇ ಆರೆಂಜ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ). ಆ ಚರ್ಚು ಇರುವ ಗಾರ್ಡನ್ ಗ್ರೋವ್ ಡಿಸ್ನಿಲ್ಯಾಂಡಿನ ಪಕ್ಕದ ಊರು. ಊರಿಂದ ಯಾರೇ ಬಂದರೂ ಡಿಸ್ನಿಲ್ಯಾಂಡ್ ತೋರಿಸಲೇಬೇಕು, ಹಾಗೆ ಇದನ್ನೂ ತೋರಿಸಿಕೊಂಡು ಬರುತ್ತೇನೆ. ಹೇಳಿ ಹೇಳಿ ಈ ಕಥೆ ಬಾಯಿಪಾಠ ಆಗಿದೆ.

ರಾಬರ್ಟ್ ಎಚ್. ಶುಲ್ಲರ್ ಅಯೋವಾದ ರೈತರ ಮನೆಯ ಹುಡುಗ. ಡಚ್ ಮೂಲದ ರಿಫಾರ್ಮ್ಡ್ ಚರ್ಚ್ ಇನ್ ಅಮೆರಿಕ ಪಂಗಡದ ಪಾಸ್ಟರ್. (ಈ ಪಂಗಡ ನಮಗೆ ತೀರಾ ಹೊಸದೇನಲ್ಲ. ನಮ್ಮವರು ಚಿಕಿತ್ಸೆಗೆ ಹೋಗುವ ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಕಟ್ಟಿದ ಐಡಾ ಸ್ಕಡರ್ ಇದೇ ಪಂಗಡದ ಮಿಷನರಿ ಮನೆತನದವರು.) 1955ರಲ್ಲಿ ಹೆಂಡತಿ ಆರ್ವೆಲ್ಲಾ ಜೊತೆ ಇಲ್ಲಿಗೆ ಬಂದಾಗ ಅವರ ಕೈಯಲ್ಲಿದ್ದದ್ದು 500 ಡಾಲರ್. ಸಭೆ ಸೇರಿಸಲು ಜಾಗ ಇರಲಿಲ್ಲ. ಕಾರಿನಲ್ಲೇ ಕೂತು ಸಿನಿಮಾ ನೋಡುವ ಡ್ರೈವ್-ಇನ್ ಥಿಯೇಟರ್ ಒಂದಿತ್ತು, ಭಾನುವಾರ ಬೆಳಗ್ಗೆ ಹೇಗೂ ಖಾಲಿ. ಅದನ್ನೇ ಹಿಡಿದರು. ತಿಂಡಿ ಅಂಗಡಿಯ ತಾರಸಿ ಹತ್ತಿ ನಿಂತು ಪ್ರಸಂಗ, ಅಂದರೆ ಚರ್ಚಿನ ಪ್ರವಚನ, ಮಾಡಿದರು. ಆರ್ವೆಲ್ಲಾ ಆರ್ಗನ್ ನುಡಿಸಿದರು. ಜನ ಕಾರಿನ ಕಿಟಕಿಗೆ ಸ್ಪೀಕರ್ ಸಿಕ್ಕಿಸಿಕೊಂಡು ಕೇಳಿದರು.

ಈ ಕಾರಿನ ಯೋಚನೆಯನ್ನು ಶುಲ್ಲರ್ ಕೊನೆಗೂ ಬಿಡಲಿಲ್ಲ. 1980ರಲ್ಲಿ ಗಾಜಿನ ಕೆಥೆಡ್ರಲ್ ತೆರೆದಾಗ ಅದರಲ್ಲೂ ವೇದಿಕೆಯ ಪಕ್ಕಕ್ಕೆ 90 ಅಡಿ ಎತ್ತರದ ಎರಡು ಬಾಗಿಲು ಇಡಿಸಿದರು. ಆರಾಧನೆ ಶುರುವಾದಾಗ ಅವು ತೆರೆದುಕೊಳ್ಳುತ್ತಿದ್ದವು. ಹೊರಗೆ ಕಾರಿನಲ್ಲಿ ಕೂತವರಿಗೂ ಪಾಸ್ಟರ್ ಕಾಣಬೇಕಲ್ವಾ. ವಿನ್ಯಾಸ ಫಿಲಿಪ್ ಜಾನ್ಸನ್ ಮತ್ತು ಜಾನ್ ಬರ್ಗಿ ಅವರದು. ಬಿಳಿ ಉಕ್ಕಿನ ಹಂದರ, ಅದಕ್ಕೆ ಸಿಲಿಕೋನ್ ಅಂಟಿನಿಂದ ಕೂರಿಸಿದ 10,000ಕ್ಕೂ ಹೆಚ್ಚು ಗಾಜು. ಖರ್ಚು ಸುಮಾರು 1 ಕೋಟಿ 80 ಲಕ್ಷ ಡಾಲರ್. ಒಂದೊಂದು ಗಾಜಿಗೆ 500 ಡಾಲರ್ ಅಂತ ಜನರಿಂದಲೇ ಎತ್ತಿದರು. ಅಂದರೆ ಎಲ್ಲೋ ದೂರದ ರಾಜ್ಯದಲ್ಲಿ ಟೀವಿ ಮುಂದೆ ಕೂತ ಅಜ್ಜಿಗೆ ಅಲ್ಲಿ ತನ್ನದೊಂದು ಗಾಜು ಇದೆ ಅನ್ನುವ ಭಾವನೆ. ದುಡ್ಡು ಎತ್ತುವುದರಲ್ಲಿ ಶುಲ್ಲರ್‌ಗೆ ಸಾಟಿ ಇರಲಿಲ್ಲ.

ಇಲ್ಲಿ ಟೀವಿ ಅನ್ನುವುದು ಮುಖ್ಯ. 'ಅವರ್ ಆಫ್ ಪವರ್' ಕಾರ್ಯಕ್ರಮ 1970ರಲ್ಲಿ ಶುರುವಾಯಿತು, ಹೆಸರಾಂತ ಸುವಾರ್ತಾ ಪ್ರಚಾರಕ ಬಿಲ್ಲಿ ಗ್ರಹಾಂ ಕೊಟ್ಟ ಸಲಹೆ ಮೇಲೆ. ಚರ್ಚಿನ ಒಳಗೆ ಕೂರುವವರು ಮೂರು ಸಾವಿರದ ಒಳಗೆ, ಹೊರಗೆ ನೋಡುವವರು ಲಕ್ಷಾಂತರ. ದುಡ್ಡು ಬರುತ್ತಿದ್ದದ್ದು ಹೊರಗಿನಿಂದಲೇ ಜಾಸ್ತಿ. ಅವರಿಗೆ ಸಭೆಯ ಜೊತೆ ಸಂಬಂಧ ಇಲ್ಲ. ಒಂದು ಮುಖದ ಜೊತೆ ಸಂಬಂಧ.

ಇನ್ನು ಬೋಧನೆಯ ವಿಷಯ. ರಿಫಾರ್ಮ್ಡ್ ಪರಂಪರೆ 16ನೇ ಶತಮಾನದ ಚರ್ಚ್ ಸುಧಾರಕ ಕ್ಯಾಲ್ವಿನ್‌ನ ದಾರಿ. ಮನುಷ್ಯ ಪಾಪಿ, ಅವನಿಂದ ಏನೂ ಆಗಲ್ಲ, ದೇವರ ಕೃಪೆಯೇ ಗತಿ ಅನ್ನುವಲ್ಲಿಂದ ಅದು ಶುರುವಾಗುತ್ತದೆ. ಶುಲ್ಲರ್ ಇದನ್ನು ತಿರುಗಿಸಿದರು. ಜನರಿಗೆ ನೀವು ಪಾಪಿಗಳು ಅಂತ ಹೇಳುತ್ತಾ ಹೋದರೆ ಅವರು ದೂರ ಹೋಗುತ್ತಾರೆ, ಮನುಷ್ಯನ ನಿಜವಾದ ಕಾಯಿಲೆ ತನ್ನ ಬಗ್ಗೆ ತನಗೇ ಗೌರವ ಇಲ್ಲದಿರುವುದು ಅಂದರು. ಇದರಲ್ಲಿ ಶುಲ್ಲರ್‌ಗೆ ಗುರು ನಾರ್ಮನ್ ವಿನ್ಸೆಂಟ್ ಪೀಲ್ ಅನ್ನುವ ಪಾಸ್ಟರ್. ಪೀಲ್ 'ಪಾಸಿಟಿವ್ ಥಿಂಕಿಂಗ್' ಅಂದರೆ ಇವರು 'ಪಾಸಿಬಿಲಿಟಿ ಥಿಂಕಿಂಗ್' ಅಂದರು. 1982ರಲ್ಲಿ ಆತ್ಮಗೌರವವೇ ಹೊಸ ಸುಧಾರಣೆ ಅಂತ ಒಂದು ಪುಸ್ತಕವನ್ನೇ ಬರೆದರು. ಇದು ಸುವಾರ್ತೆಯೇ ಅಲ್ಲ, ಮನಸ್ಸಿಗೆ ಟಾನಿಕ್ ಅಷ್ಟೇ ಅಂತ ಸಂಪ್ರದಾಯದವರು ಉರಿದುಬಿದ್ದರು. ನಾನು ಬೆಳೆದ ಸಭೆಯ ಹಿರಿಯರೂ ಅದನ್ನೇ ಅನ್ನುತ್ತಿದ್ದರು ಅನ್ನಿ. ಆದರೂ ಶುಲ್ಲರ್ ಬದುಕಿರುವ ತನಕ ಅದೇ ಪಂಗಡದಲ್ಲೇ ಇದ್ದರು.

ಈ ಬೋಧನೆಗೆ ಒಂದು ತೊಂದರೆ ಇದೆ, ಅದು ಲೆಕ್ಕದ ಪುಸ್ತಕದಲ್ಲಿ ಕಾಣಿಸುತ್ತದೆ. ಆಗುತ್ತದೆ ಅಂದುಕೊಂಡರೆ ಆಗಿಯೇ ಆಗುತ್ತದೆ ಅನ್ನುವ ಮನೆಯಲ್ಲಿ 'ಇದು ಆಗಲ್ಲ, ದುಡ್ಡಿಲ್ಲ' ಅನ್ನುವವರು ಯಾರು? 2003ರಲ್ಲಿ ಅದೇ ಆವರಣದಲ್ಲಿ ರಿಚರ್ಡ್ ಮೈಯರ್ ವಿನ್ಯಾಸದ ದೊಡ್ಡ ಸ್ವಾಗತ ಕೇಂದ್ರ ಎದ್ದಿತು. ಸಾಲದ ದೊಡ್ಡ ಪಾಲಿನ ಬೇರು ಇರುವುದು ಇಲ್ಲಿ. ಅದರ ಮೇಲೆ ಕ್ರಿಸ್‌ಮಸ್ಸು, ಈಸ್ಟರಿಗೆ ಭಾರಿ ನಾಟಕಗಳು. ಜೀವಂತ ಒಂಟೆ, ಕುದುರೆ, ತಂತಿಯಲ್ಲಿ ತೂಗುತ್ತಾ ತಲೆ ಮೇಲೆ ಹಾರಿ ಬರುವ ದೇವದೂತರು. ನೋಡಲು ಚೆನ್ನ, ಖರ್ಚೂ ಅಷ್ಟೇ ಚೆನ್ನ. 2005ರಲ್ಲಿ ಸೃಷ್ಟಿಯ ಕಥೆ ಅಂತ ಇನ್ನೊಂದು ಹೊಸ ನಾಟಕ ಮಾಡಿ ಕೈ ಸುಟ್ಟುಕೊಂಡರು.

2006ರ ಜನವರಿಯಲ್ಲಿ ಮಗ ರಾಬರ್ಟ್ ಎ. ಶುಲ್ಲರ್ ಮುಖ್ಯ ಪಾಸ್ಟರ್ ಆದರು. ಒಬ್ಬನೇ ಮಗ, ನಾಲ್ವರು ಹೆಣ್ಣುಮಕ್ಕಳು. ಹೆಣ್ಣುಮಕ್ಕಳೂ ಅಳಿಯಂದಿರೂ ಚರ್ಚು ಮತ್ತು ಟೀವಿ ಕೆಲಸಗಳಲ್ಲಿ ಇದ್ದವರೇ. ನಮ್ಮ ಸಿಎಸ್‌ಐನಲ್ಲಿ ಸಭಾಪಾಲಕರಿಗೆ ವರ್ಗಾವಣೆ ಆಗುತ್ತದೆ, ಅವರ ಮಗ ಪೌರೋಹಿತ್ಯ ಓದಿದರೂ ಅಪ್ಪನ ಸಭೆಯೇ ಸಿಗಬೇಕು ಅಂತೇನಿಲ್ಲ. ಇಲ್ಲಿ ಹೆಸರಿಗೆ ಪಂಗಡ ಇತ್ತು, ನಡೆದದ್ದು ಮನೆ ಯಜಮಾನಿಕೆ.

ಮಗನ ಪ್ರಸಂಗ ಅಪ್ಪನದಕ್ಕಿಂತ ಬೈಬಲಿಗೆ ಹತ್ತಿರ. ವಚನ ಹಿಡಿದು ಬಿಡಿಸಿ ಹೇಳುವ ದಾರಿ. ಸ್ಥಳೀಯ ಸಭೆಯಲ್ಲಿ ಕೆಲವರಿಗೆ ಇದೇ ಇಷ್ಟ ಆಯಿತು. ಟೀವಿ ಮುಂದಿನ ಹಳಬರಿಗೆ ಅವರ ಶುಲ್ಲರ್ ಬೇಕಿತ್ತು. 2008ರ ಅಕ್ಟೋಬರಿನಲ್ಲಿ ಅಪ್ಪನೇ ಮಗನನ್ನು 'ಅವರ್ ಆಫ್ ಪವರ್'ನಿಂದ ತೆಗೆದರು. ಚರ್ಚು ಯಾವ ದಾರಿಯಲ್ಲಿ ಹೋಗಬೇಕು ಅನ್ನುವುದರಲ್ಲಿ ನಮ್ಮಿಬ್ಬರಿಗೂ ಬೇರೆ ಬೇರೆ ಅಭಿಪ್ರಾಯ ಅಂತ ಕಾರಣ ಕೊಟ್ಟರು. ಒಂದೇ ತಿಂಗಳಲ್ಲಿ ಮಗ ಪಾಸ್ಟರ್ ಹುದ್ದೆಯನ್ನೂ ಬಿಟ್ಟು ಹೊರಟರು. ಆಮೇಲೆ ವೇದಿಕೆ ಮೇಲೆ ವಾರಕ್ಕೊಬ್ಬ ಅತಿಥಿ. ಮುಖ ನೋಡಿ ದುಡ್ಡು ಕಳಿಸುತ್ತಿದ್ದವರು ಯಾರ ಮುಖ ನೋಡಿ ಕಳಿಸಬೇಕು? ಕಾಣಿಕೆ ಧಡ್ ಅಂತ ಕುಸಿಯಿತು.

ಆರ್ಥಿಕ ಕುಸಿತವೇ ಕಾರಣ ಅಂತ ಚರ್ಚಿನವರು ಹೇಳುತ್ತಿದ್ದರು. ಸ್ವಲ್ಪ ನಿಜ. ಆದರೆ ಇದೇ ಕೌಂಟಿಯಲ್ಲಿ ಸ್ಯಾಡಲ್‌ಬ್ಯಾಕ್ ಚರ್ಚು ಇದೆ, ಆಗ ಅದರ ಪಾಸ್ಟರ್ ರಿಕ್ ವಾರನ್. 2009ರ ಕೊನೆಯಲ್ಲಿ ಅವರಿಗೂ 9 ಲಕ್ಷ ಡಾಲರ್ ಕೊರತೆ ಬಿತ್ತು. ವಾರನ್ ಸಭೆಗೆ ಒಂದು ಪತ್ರ ಬರೆದರು. ಕೆಲವೇ ದಿನದಲ್ಲಿ 24 ಲಕ್ಷ ಬಂತು. ಅದೇ ಕೌಂಟಿ, ಅದೇ ಕುಸಿತ. ಅಲ್ಲಿ ಕೊಡುವವರು ವಾರ ವಾರ ಎದುರಿಗೆ ಬಂದು ಕೂರುವ ಜನ.

ಮಗನ ನಂತರ ಹಿರಿಯ ಮಗಳು ಶೀಲಾ ಶುಲ್ಲರ್ ಕೋಲ್ಮನ್ ಮುಂದೆ ಬಂದರು. ಚರ್ಚಿನ ಶಾಲೆ ನೋಡಿಕೊಳ್ಳುತ್ತಿದ್ದವರು. ಇವರ ಕಾಲದಲ್ಲಿ ಆರ್ಗನ್, ದೊಡ್ಡ ಕ್ವಾಯರ್ (ಹಾಡುಗಾರರ ತಂಡ) ಹಿಂದೆ ಸರಿದು ಗಿಟಾರು, ಡ್ರಮ್ಮಿನ ಹೊಸ ಹಾಡುಗಳು ಬಂದವು. ಆ ಆರ್ಗನ್ ಲೋಕದ ಅತಿ ದೊಡ್ಡ ಆರ್ಗನ್‌ಗಳಲ್ಲಿ ಒಂದು. ಅದಕ್ಕಾಗಿಯೇ ಬರುತ್ತಿದ್ದ ಹಳೇ ಸದಸ್ಯರಿಗೆ ಹೇಗಾಗಿರಬೇಡ. 2011ರಲ್ಲಿ ಕ್ವಾಯರಿನವರ ಮುಂದೆ ಒಂದು ಒಪ್ಪಂದ ಪತ್ರ ಇಟ್ಟು ಸಹಿ ಹಾಕಿ ಅಂದರು. ಲೈಂಗಿಕತೆ ಗಂಡು ಹೆಣ್ಣಿನ ಮದುವೆಯೊಳಗೆ ಮಾತ್ರ ಅಂತ ನಂಬಬೇಕು ಅನ್ನುವುದು ಅದರ ಸಾರ. ದೊಡ್ಡ ಗಲಾಟೆ ಆಯಿತು. ಅಪ್ಪ ಶುಲ್ಲರೇ ನನಗೆ ಇದು ಒಪ್ಪಿಗೆ ಇಲ್ಲ ಅಂದರು. ಐವತ್ತು ವರ್ಷ ಯಾರನ್ನೂ ನೋಯಿಸದ ಹಾಗೆ ಮಾತಾಡಿದ ಮನುಷ್ಯ, ಸ್ವಂತ ಮಗಳ ಪತ್ರದ ವಿರುದ್ಧ ಪತ್ರಿಕೆಯವರ ಮುಂದೆ ಮಾತಾಡಬೇಕಾಯಿತು.

ಅಷ್ಟು ಹೊತ್ತಿಗೆ ದಿವಾಳಿ ಅರ್ಜಿ ಬಿದ್ದಾಗಿತ್ತು, 2010ರ ಅಕ್ಟೋಬರ್ 18ಕ್ಕೆ. ಸಾಲ ಸುಮಾರು 4 ಕೋಟಿ 30 ಲಕ್ಷ ಡಾಲರ್, ಅದರಲ್ಲಿ 3 ಕೋಟಿ 60 ಲಕ್ಷ ಕಟ್ಟಡ ಅಡವಿಟ್ಟು ತಂದದ್ದು. ಬಾಕಿ ಬರಬೇಕಾದವರ ಪಟ್ಟಿಯಲ್ಲಿ ನಾಟಕಕ್ಕೆ ಒಂಟೆ, ಕುದುರೆ ತಂದುಕೊಟ್ಟ ಸಣ್ಣ ವ್ಯಾಪಾರಿಗಳೂ ಇದ್ದರು. ಇನ್ನೊಂದು ಕಡೆ ಮನೆಯವರ ಸಂಬಳ, ಮನೆ ಭತ್ಯೆ ಎಲ್ಲ ನ್ಯಾಯಾಲಯದ ಕಾಗದದಲ್ಲಿ ಬಯಲಿಗೆ ಬಂತು. ಜನರ ಮನಸ್ಸು ಮುರಿದದ್ದು ಅಲ್ಲಿ.

ಇದರ ನಡುವೆ ಒಂದು ಸಣ್ಣ ಘಟನೆ. ಆರ್ವೆಲ್ಲಾ ಅವರಿಗೆ ನ್ಯುಮೋನಿಯಾ ಆಯಿತು. ಅವರಿಗೆ ಊಟ ಮಾಡಿ ಕಳಿಸಿ ಅಂತ ಚರ್ಚಿನಿಂದ ಸದಸ್ಯರಿಗೆ ಸಂದೇಶ ಹೋಯಿತು. ಅದೇನೂ ತಪ್ಪಲ್ಲ, ಪಾಸ್ಟರಮ್ಮನಿಗೆ ಹುಷಾರಿಲ್ಲ ಅಂದರೆ ನಮ್ಮ ಕಡೆಯೂ ಟಿಫನ್ ಕ್ಯಾರಿಯರ್ ಹೋಗುತ್ತದೆ. ಆದರೆ ಆ ಸಂದೇಶದಲ್ಲಿ ಉಪ್ಪು ಕಡಿಮೆ ಇರಲಿ ಅಂತ ಇತ್ತು, ಊಟವನ್ನು ಶುಲ್ಲರ್ ದಂಪತಿಯ ಲಿಮೊಸಿನ್ ಚಾಲಕರ ಕೈಗೆ ಕೊಡಿ ಅಂತಲೂ ಇತ್ತು. ಬಾಕಿ ದುಡ್ಡಿಗೆ ಕಾಯುತ್ತಾ ಕೂತವರು ಅದನ್ನು ಓದಿದಾಗ ಏನಾಗಬೇಕೋ ಅದೇ ಆಯಿತು. ನನ್ನನ್ನು ಕೇಳಿದರೆ ಲಕ್ಷ, ಕೋಟಿಗಳ ಲೆಕ್ಕಕ್ಕಿಂತ ಆ ಲಿಮೊಸಿನ್ನೇ ಜಾಸ್ತಿ ಹಾನಿ ಮಾಡಿತು.

ಕೊನೆಗೆ ಕೊಳ್ಳುವ ಪೈಪೋಟಿಯಲ್ಲಿ ಉಳಿದವರು ಇಬ್ಬರು. ಚಾಪ್ಮನ್ ವಿಶ್ವವಿದ್ಯಾಲಯ 5 ಕೋಟಿ 90 ಲಕ್ಷದ ತನಕ ಏರಿತು. ಆರೆಂಜಿನ ಕ್ಯಾಥೊಲಿಕ್ ಧರ್ಮಪ್ರಾಂತ್ಯ ಹೇಳಿದ್ದು 5 ಕೋಟಿ 75 ಲಕ್ಷ. ಕಡಿಮೆ ಹೇಳಿದರೂ ಚರ್ಚಿನ ಮಂಡಳಿ ಕ್ಯಾಥೊಲಿಕರ ಕಡೆ ವಾಲಿತು, ಅಲ್ಲಿ ಆರಾಧನೆಯಾದರೂ ನಿಲ್ಲುವುದಿಲ್ಲ ಅಂತ. 2011ರ ನವೆಂಬರಿನಲ್ಲಿ ನ್ಯಾಯಾಲಯ ಒಪ್ಪಿತು. ಶುಲ್ಲರ್‌ಗೆ ಅದೇ ವರ್ಷ ಜುಲೈನಲ್ಲೇ ಮಂಡಳಿಯಲ್ಲಿ ಮತ ಹಾಕುವ ಹಕ್ಕು ಹೋಗಿ, ಗೌರವ ಅಧ್ಯಕ್ಷ ಅನ್ನುವ ಹೆಸರು ಮಾತ್ರ ಉಳಿದಿತ್ತು. 2012ರ ಮಾರ್ಚಿನಲ್ಲಿ ಗಂಡ ಹೆಂಡತಿ ಮಂಡಳಿಯನ್ನೇ ಬಿಟ್ಟರು. ಮಾರನೇ ದಿನ ಭಾನುವಾರ, ಶೀಲಾ ನಾನೂ ಹೊರಟೆ, ಬೇರೆ ಸಭೆ ಶುರು ಮಾಡುತ್ತೇನೆ ಅಂದರು. ನಮ್ಮ ಬರಹ, ನಮ್ಮ ಕಾರ್ಯಕ್ರಮಗಳಿಗೆ ಚರ್ಚಿನಿಂದ ಹಣ ಬರಬೇಕು ಅಂತ ಮನೆಯವರು ಹಾಕಿದ್ದ ದಾವೆಯ ಹೆಚ್ಚಿನ ಭಾಗವನ್ನು ನ್ಯಾಯಾಧೀಶರು ತಳ್ಳಿಹಾಕಿದರು. ಆರ್ವೆಲ್ಲಾ 2014ರಲ್ಲಿ ತೀರಿಕೊಂಡರು, ಶುಲ್ಲರ್ 2015ರ ಏಪ್ರಿಲಿನಲ್ಲಿ, 88ನೇ ವಯಸ್ಸಿಗೆ.

ಹಾಗಾದರೆ ಸಭೆ ಏನಾಯಿತು? ಉಳಿದ ಒಂದಿಷ್ಟು ಜನ 2013ರಲ್ಲಿ, ಕ್ಯಾಥೊಲಿಕರು ಖಾಲಿ ಮಾಡಿದ ಹತ್ತಿರದ ಒಂದು ಸಣ್ಣ ಚರ್ಚಿಗೆ ಹೋದರು. ಅವರ ಪಾಸ್ಟರ್ ಬಾಬಿ ಶುಲ್ಲರ್, ಅಂದರೆ ಟೀವಿಯಿಂದ ತೆಗೆದುಹಾಕಿದ ಮಗನ ಮಗ! 'ಅವರ್ ಆಫ್ ಪವರ್' ಅವರ ಕೈಗೇ ಬಂತು. 2018ರಲ್ಲಿ ಇರ್ವೈನ್‌ಗೆ ಹೋದರು. ಬಾಬಿಯ ಆರಾಧನೆಯಲ್ಲಿ ಸಭೆಯೆಲ್ಲ ಸೇರಿ ಹೇಳುವ ಒಂದು ಘೋಷಣೆ ಇದೆ: ನಾನು ಮಾಡುವ ಕೆಲಸ ನಾನಲ್ಲ, ನನ್ನ ಹತ್ತಿರ ಇರುವುದು ನಾನಲ್ಲ, ಜನ ಅನ್ನುವುದೂ ನಾನಲ್ಲ, ನಾನು ದೇವರಿಗೆ ಪ್ರಿಯನಾದವನು, ಅಂತ ಅದರ ಅರ್ಥ. ಇದರಲ್ಲಿ ಅಜ್ಜನ ದನಿ ಕೇಳಿಸುತ್ತದೆ. ಮಗನ ದಾರಿಯೂ ಅಲ್ಲ, ಮಗಳ ದಾರಿಯೂ ಅಲ್ಲ, ಕೊನೆಗೆ ಉಳಿದದ್ದು ಅಜ್ಜನ ಬೋಧನೆಯೇ. ಇದಕ್ಕಾಗಿ ಅಷ್ಟೆಲ್ಲ ಆಗಬೇಕಿತ್ತಾ ಅಂತ ನನಗೆ ಅನಿಸುವುದುಂಟು.

ಕಟ್ಟಡ ನೋಡುವ ಆಸೆ ಇದ್ದರೆ ಬನ್ನಿ. ಸುಮಾರು 7 ಕೋಟಿ 70 ಲಕ್ಷ ಡಾಲರ್ ಸುರಿದು ಒಳಗನ್ನು ಹೊಸದು ಮಾಡಿ, 2019ರ ಜುಲೈನಲ್ಲಿ ಕ್ರೈಸ್ಟ್ ಕೆಥೆಡ್ರಲ್ ಅನ್ನುವ ಹೆಸರಿನಲ್ಲಿ ತೆರೆದಿದ್ದಾರೆ. ಬಿಸಿಲು ಕಡಿಮೆ ಆಗಲಿ ಅಂತ ಗಾಜಿನ ಒಳಗಡೆ ಉದ್ದಕ್ಕೂ ಬಿಳಿ ಲೋಹದ ಹಲಗೆ ಕೂರಿಸಿದ್ದಾರೆ. ಪಕ್ಕದಲ್ಲೇ ವಿಯೆಟ್ನಾಮಿನವರ ದೊಡ್ಡ ಬಡಾವಣೆ ಇರುವುದರಿಂದ ಇಂಗ್ಲಿಷ್, ಸ್ಪ್ಯಾನಿಷ್ ಜೊತೆ ವಿಯೆಟ್ನಾಮೀಸಿನಲ್ಲೂ ಬಲಿಪೂಜೆ ಇರುತ್ತದೆ, ಭಾನುವಾರ ಪಾರ್ಕಿಂಗ್ ಸಿಗುವುದೇ ಕಷ್ಟ. ಶುಲ್ಲರ್ ದಂಪತಿಯ ಸಮಾಧಿಯೂ ಅದೇ ಆವರಣದ ಸ್ಮಶಾನದಲ್ಲಿದೆ. ವಾರದ ದಿನ ಬಂದರೆ ಎಲ್ಲವನ್ನೂ ನಿಧಾನವಾಗಿ ನೋಡಬಹುದು.