ಮಾಳಿಗೆಯ ಸುತ್ತ ಒಂದು ಗೋಡೆ

ಪ್ರಿಯ ಸಹೋದರಿ,

ಬೆಟಗೇರಿಯಿಂದ ನೀವು ಬರೆದ ನಾಲ್ಕು ಪುಟದ ಪತ್ರ ತಲುಪಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ವಿಷಯವನ್ನಷ್ಟೇ ಹೇಳಿಬಿಡುತ್ತೇನೆ. ಹೋದ ತಿಂಗಳು ನಿಮ್ಮ ಓಣಿಯ ಒಂದು ಮನೆಗೆ ಬೆಂಕಿ ಬಿತ್ತು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಅಡುಗೆಮನೆ, ಮಗ್ಗದ ಕೋಣೆ ಎರಡೂ ಸುಟ್ಟುಹೋದವು. ಅವತ್ತಿನಿಂದ ನಿಮಗೆ ಸರಿಯಾಗಿ ನಿದ್ದೆ ಇಲ್ಲ. ಬೆಂಕಿ ನಂದಿಸುವ ಸಿಲಿಂಡರ್ ಒಂದನ್ನು ತರೋಣ ಎಂದು ಮನೆಯಲ್ಲಿ ಮಾತು ತೆಗೆದಿರಿ. ನಿಮ್ಮ ಅತ್ತೆಯವರು ಬಾಗಿಲ ಮೇಲಿನ ವಾಕ್ಯದ ಫಲಕ ತೋರಿಸಿ, "ದೇವರ ಮ್ಯಾಲ ಭರೋಸಾ ಇಲ್ಲೇನವಾ ನಿನಗ?" ಅಂದರು. ಫಲಕದಲ್ಲಿ ಇರುವುದು ಬೈಬಲಿನ ಯೆಶಾಯ 43:2. ಬೆಂಕಿಯಲ್ಲಿ ನಡೆದರೂ ನೀನು ಸುಡುವುದಿಲ್ಲ ಎಂಬ ಮಾತು. ನೀವು ಸುಮ್ಮನಾದಿರಿ. ಈಗ ನನ್ನನ್ನು ಕೇಳುತ್ತಿದ್ದೀರಿ: ಸಿಲಿಂಡರ್ ತಂದರೆ ಅದು ಅವಿಶ್ವಾಸವಾ?

ಅಲ್ಲ. ತನ್ನಿ. ಆದರೆ ಇಷ್ಟೇ ಹೇಳಿ ಕೈತೊಳೆದುಕೊಂಡರೆ ಅತ್ತೆಯವರಿಗೆ ಅನ್ಯಾಯವಾಗುತ್ತದೆ.

ಆ ವಾಕ್ಯ ಸುಳ್ಳಲ್ಲ. ಸೆರೆಹೋಗಿ ಎಲ್ಲವನ್ನೂ ಕಳೆದುಕೊಂಡ ಜನರಿಗೆ, ನಿಮ್ಮ ಜೊತೆ ನಾನಿದ್ದೇನೆ ಎಂದು ದೇವರು ಕೊಟ್ಟ ಮಾತು ಅದು. ಅದನ್ನು ಓದಿದಾಗಲೆಲ್ಲ ನನಗೆ ದಾನಿಯೇಲನ ಪುಸ್ತಕದ ಆ ಮೂವರು ನೆನಪಾಗುತ್ತಾರೆ, ಅರಸನ ವಿಗ್ರಹಕ್ಕೆ ಅಡ್ಡಬೀಳದೆ, ಉರಿಯುವ ಕುಲುಮೆಯಲ್ಲೂ ಸುಡದೆ ಉಳಿದವರು. ಅವರು ತಾವಾಗಿ ಕುಲುಮೆಗೆ ಇಳಿದವರಲ್ಲ. ಅರಸನ ಆಳುಗಳು ಕೈಕಾಲು ಕಟ್ಟಿ ಎಸೆದರು. ಮೂರನೇ ಅಧ್ಯಾಯದ 22ನೇ ವಚನ ನೋಡಿ, ಎಸೆದ ಆಳುಗಳೇ ಆ ಝಳಕ್ಕೆ ಸತ್ತರು. ಅದ್ಭುತ ನಡೆದ ದಿನವೂ ಬೆಂಕಿ ತನ್ನ ಗುಣ ಬಿಟ್ಟಿರಲಿಲ್ಲ.

ಇನ್ನು ಮತ್ತಾಯ 4. ಸೈತಾನನು ಯೇಸುವನ್ನು ದೇವಾಲಯದ ತುದಿಗೆ ಕರೆದುಕೊಂಡು ಹೋಗಿ, ಕೆಳಗೆ ಹಾರು, ದೂತರು ಹಿಡಿಯುತ್ತಾರೆ ಎನ್ನುತ್ತಾನೆ. ಬಾಯಲ್ಲಿ ವಾಕ್ಯವೂ ಇತ್ತು, 91ನೇ ಕೀರ್ತನೆ. ಯೇಸು ಆ ಕೀರ್ತನೆಯನ್ನು ಅಲ್ಲಗಳೆಯಲಿಲ್ಲ. ದೇವರನ್ನು ಪರೀಕ್ಷೆ ಮಾಡಬಾರದು ಎಂದಷ್ಟೇ ಹೇಳಿ ಹಾರದೆ ನಿಂತರು. (ಇದನ್ನು ಅತ್ತೆಯವರಿಗೆ ಓದಿ ಹೇಳುವಾಗ ಸ್ವಲ್ಪ ಜೋಪಾನ. ನಾನು ಅವರನ್ನು ಯಾರಿಗೂ ಹೋಲಿಸುತ್ತಿಲ್ಲ!)

ಆದರೆ ಇಷ್ಟು ವರ್ಷದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ವಚನ ಇನ್ನೊಂದಿದೆ. ಅದರ ಮೇಲೆ ಪ್ರಸಂಗ ಕೇಳಿದ್ದು ನನಗೆ ನೆನಪಿಲ್ಲ. ಧರ್ಮೋಪದೇಶಕಾಂಡ 22:8. ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಗೋಡೆ ಕಟ್ಟಬೇಕು, ಇಲ್ಲದಿದ್ದರೆ ಅಲ್ಲಿಂದ ಯಾರಾದರೂ ಬಿದ್ದಾಗ ಆ ರಕ್ತದ ಅಪರಾಧ ನಿನ್ನ ಮನೆಯ ಮೇಲೆ ಬರುತ್ತದೆ ಎನ್ನುತ್ತದೆ ಅದು. ಗದಗ-ಧಾರವಾಡದ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಳೆಯ ಮನೆಗಳೂ ಮಣ್ಣಿನ ಮಾಳಿಗೆಯವೇ. ಶಾವಿಗೆ ಒಣಗಿಸುವುದು ಅಲ್ಲಿ, ಬೇಸಿಗೆಯಲ್ಲಿ ಮಲಗುವುದು ಅಲ್ಲಿ. ಗಮನಿಸಿ, ನೀನು ಬೀಳಬಾರದು ಎಂದು ಗೋಡೆ ಕಟ್ಟು ಅಂತ ಅಲ್ಲಿ ಹೇಳಿಲ್ಲ. ಮನೆಯ ಯಜಮಾನನಿಗೆ ತನ್ನ ಮಾಳಿಗೆಯ ಅಂಚು ಕತ್ತಲಲ್ಲೂ ಗೊತ್ತಿರುತ್ತದೆ. ಬೀಳುವವರು ಬಂದ ನೆಂಟರು, ಆಡುವ ಮಕ್ಕಳು, ಕೂಲಿಗೆ ಬಂದವರು. ಗೋಡೆ ಅವರಿಗಾಗಿ.

ನಿಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ, ಮೇಲೆ ಕಟ್ಟಿಗೆಯ ತೊಲೆ, ಜಂತಿ ಎಂದು ಬರೆದಿದ್ದೀರಿ. ಅಂಥ ಓಣಿಯಲ್ಲಿ, ಅದೂ ಕಪ್ಪತಗುಡ್ಡದ ಗಾಳಿ ಬೀಸುವ ಊರಲ್ಲಿ, ಬೆಂಕಿ ಯಾರ ಮನೆಯಲ್ಲಿ ಹುಟ್ಟಿತು ಎಂದು ಕೇಳಿ ನಿಲ್ಲುವುದಿಲ್ಲ. ನಿಮ್ಮ ಗೋಡೆಯ ಆಚೆ ಮಲಗಿರುವವರು ಯೆಶಾಯನ ವಾಕ್ಯವನ್ನು ಫಲಕ ಮಾಡಿ ಹಾಕಿಕೊಂಡವರಲ್ಲ. ನಿಮ್ಮ ಭರವಸೆಯ ಬೆಲೆಯನ್ನು ಅವರು ಯಾಕೆ ಕಟ್ಟಬೇಕು? ಹಾವೇರಿ ಕಡೆಯ ರೈತ ಓದುಗರಿಗೂ ಇದೇ ಮಾತು. ಮೆಕ್ಕೆಜೋಳದ ದಂಟಿಗೆ ಬೆಂಕಿ ಹಚ್ಚಿ ಚಹಾ ಕುಡಿಯಲು ಹೋಗುವ ಮೊದಲು ವಿಮೋಚನಕಾಂಡ 22:6 ಓದಿ. ಹಚ್ಚಿದ ಬೆಂಕಿ ಮುಳ್ಳಿಗೆ ಹತ್ತಿ ಇನ್ನೊಬ್ಬರ ಬಣವೆ, ಬೆಳೆ ಸುಟ್ಟರೆ ಹಚ್ಚಿದವನೇ ಪೂರ್ತಿ ತುಂಬಿಕೊಡಬೇಕು.

ನಿಮ್ಮದು ಮಿಷನ್ ಕಾಲದ ಕುಟುಂಬ ಎಂದು ಅತ್ತೆಯವರಿಗೆ ಅಭಿಮಾನ ಇದೆಯಂತಲ್ಲ. ಹಾಗಾದರೆ ಇದನ್ನೂ ಹೇಳಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಬೆಟಗೇರಿಗೆ ಬಂದದ್ದು 1841ರಲ್ಲಿ. ಅದೇ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಹುಲ್ಲಿನ ಚಾವಣಿಯ ಮೇಲೆ ಕಿಡಿ ಬಿದ್ದರೆ ಮನೆ ಹೋಯಿತು, ಹಂಚಿನ ಮೇಲೆ ಬಿದ್ದರೆ ಕಿಡಿ ಆರಿತು. ಬೆಳಗ್ಗೆ ಪ್ರಾರ್ಥನೆ ಮಾಡಿ ಆಮೇಲೆ ಹಂಚು ಸುಟ್ಟವರು ಅವರು.

ಇನ್ನು ನಿಮ್ಮ ಅಡುಗೆಮನೆಗೆ ಬರುತ್ತೇನೆ. ಪತ್ರದ ಎರಡನೇ ಪುಟದಲ್ಲಿ, ಏನೋ ಸಣ್ಣ ವಿಷಯ ಎನ್ನುವ ಹಾಗೆ, ಗ್ಯಾಸಿನ ಪೈಪು ಒಂಬತ್ತು ವರ್ಷದಿಂದ ಬದಲಿಸಿಲ್ಲ ಎಂದು ಬರೆದಿದ್ದೀರಿ. ಅದನ್ನು ಓದಿದ ಮೇಲೆ ನನಗೆ ಉಳಿದದ್ದೆಲ್ಲ ಮರೆತೇಹೋಯಿತು. ಒಳಗೆ ತಂತಿ ಇರುವ ಸುರಕ್ಷಾ ಪೈಪಾದರೂ ಐದು ವರ್ಷಕ್ಕೆ ಬದಲಿಸಬೇಕು. ಐಎಸ್‌ಐ ಗುರುತು ಇರುವ ಪೈಪು ಕೆಲವೇ ನೂರು ರೂಪಾಯಿಗೆ ನಿಮ್ಮ ಗ್ಯಾಸ್ ಏಜೆನ್ಸಿಯಲ್ಲೇ ಸಿಗುತ್ತದೆ. ದೊಡ್ಡ ಖರ್ಚಿನ ಅಗ್ನಿನಂದಕ ಮುಂದಿನ ತಿಂಗಳು ಬರಲಿ. ಪೈಪು ಈ ವಾರವೇ ಬರಲಿ.

ಗ್ಯಾಸಿನ ಗುಣ ಒಂದನ್ನು ಮನೆಯವರಿಗೆಲ್ಲ ತಿಳಿಸಿ. ನಮ್ಮ ಮೂಗಿಗೆ ಬರುವ ಆ ಕೆಟ್ಟ ವಾಸನೆ ಗ್ಯಾಸಿನದಲ್ಲ. ಸೋರಿದರೆ ಗೊತ್ತಾಗಲಿ ಎಂದು ಬೇರೆ ರಾಸಾಯನಿಕ ಸೇರಿಸಿರುತ್ತಾರೆ. ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ನೆಲದ ಮೇಲೆ ಹರಿದು ಮೂಲೆಯಲ್ಲಿ ನಿಲ್ಲುತ್ತದೆ. ಅದಕ್ಕೇ ಸಿಲಿಂಡರನ್ನು ಮುಚ್ಚಿದ ಕಪಾಟಿನಲ್ಲಿ, ತಗ್ಗಿನಲ್ಲಿ ಇಡಬಾರದು. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿ ಇರಬೇಕು. ನಿಮ್ಮ ಅತ್ತೆಯವರು ಒಲೆಯನ್ನು ನೆಲಕ್ಕೆ ಇಳಿಸಿ ಕೂತು ರೊಟ್ಟಿ ಮಾಡುತ್ತಾರೆ ಎಂದಿದ್ದೀರಿ. ನಿಂತು ಬಡಿದರೆ ಅದು ರೊಟ್ಟಿಯೇ ಅಲ್ಲ ಎಂದು ನನ್ನ ತಾಯಿಯೂ ಹೇಳುತ್ತಿದ್ದರು. ನಮ್ಮಲ್ಲಿ ಕೊನೆಗೆ ಆದ ರಾಜಿ: ಬಡಿಯುವುದು ಕೂತು, ಬೇಯಿಸುವುದು ಕಟ್ಟೆಯ ಮೇಲೆ. ತಾಯಿ ಬಡಿದು ಕೊಡುತ್ತಿದ್ದರು, ನಾನು ಬೇಯಿಸುತ್ತಿದ್ದೆ. ಎಷ್ಟೋ ರೊಟ್ಟಿ ಹರಿದವು, ಅದು ಬೇರೆ ಮಾತು.

ವಾಸನೆ ಬಂದ ಕೂಡಲೇ ನಮ್ಮ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ, ಲೈಟ್ ಹಾಕಿ ನೋಡೋಣ ಅಂತ. ಅಪಾಯ ಇರುವುದು ಅಲ್ಲೇ. ಹಾಕುವುದೂ ಬೇಡ, ಆರಿಸುವುದೂ ಬೇಡ, ಎರಡರಲ್ಲೂ ಕಿಡಿ ಇದೆ. ದೇವರ ಮುಂದಿನ ಮೇಣದಬತ್ತಿ, ಊದುಬತ್ತಿ ಇದ್ದರೆ ಆರಿಸಿ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು, ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ. ಹೊರಗೆ ಬಂದ ಮೇಲೆ ಫೋನ್ ತೆಗೆದು 1906ಕ್ಕೆ ಕರೆ ಮಾಡಿ. ಅದು ಗ್ಯಾಸ್ ಸೋರಿಕೆಗೆಂದೇ ಇರುವ ನಂಬರು. ಬೆಂಕಿಯೇ ಹತ್ತಿದ್ದರೆ 101 ಅಥವಾ 112.

ಎಣ್ಣೆಗೆ ಬೆಂಕಿ ಹತ್ತಿದರೆ ಏನು ಮಾಡಬಾರದು ಎಂಬುದನ್ನು ನಾನೇ ಮಾಡಿ ನೋಡಿದ್ದೇನೆ. ಧಾರವಾಡದ ಮಳೆಗಾಲದ ಒಂದು ಸಂಜೆ, ಮಿರ್ಚಿ ಬಜಿ ಮಾಡುತ್ತೇನೆಂದು ಬಾಣಲೆ ಇಟ್ಟು ಫೋನಿನಲ್ಲಿ ಮಾತಾಡುತ್ತ ನಿಂತೆ. ತಿರುಗಿ ನೋಡಿದರೆ ಎಣ್ಣೆ ಉರಿಯುತ್ತಿದೆ. ಗಾಬರಿಯಲ್ಲಿ ಒಂದು ತಂಬಿಗೆ ನೀರು ಸುರಿದೆ. ಜ್ವಾಲೆ ಚಾವಣಿ ಮುಟ್ಟಿತು. ನನ್ನ ಹುಬ್ಬು ಸುಟ್ಟವು. ನೀರು ಎಣ್ಣೆಯ ಕೆಳಗೆ ಇಳಿದು ಕ್ಷಣದಲ್ಲಿ ಹಬೆಯಾಗುತ್ತದೆ, ಸುಮಾರು 1,700 ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನು ಹೊತ್ತುಕೊಂಡು ಮೇಲೇಳುತ್ತದೆ. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ನನ್ನ ಹೆಂಡತಿ ಏನೂ ಓದದೆ ಒಲೆ ಆರಿಸಿ, ರೊಟ್ಟಿ ಹಿಟ್ಟು ನಾದುವ ಪರಾತವನ್ನು ಬಾಣಲೆಯ ಮೇಲೆ ಬೋರಲು ಹಾಕಿದಳು. ಮುಗಿಯಿತು. ಆಮೇಲೂ ಅರ್ಧ ತಾಸು ಅದನ್ನು ಎತ್ತಲು ಬಿಡಲಿಲ್ಲ. ತೆಗೆದರೆ ಗಾಳಿ ತಾಕಿ ಮತ್ತೆ ಹತ್ತುತ್ತದೆ, ಅವಳು ಹೇಳಿದ್ದು ಸರಿ.

ಸುಟ್ಟ ಗಾಯಕ್ಕೆ ಬೇಕಾದದ್ದು ನೀರು, ತಣ್ಣನೆಯ ಹರಿಯುವ ನೀರು, 20 ನಿಮಿಷ. ಟೂತ್‌ಪೇಸ್ಟ್, ಇಂಕು, ಅರಿಶಿಣ, ಬೆಣ್ಣೆ, ಐಸು ಯಾವುದೂ ಬೇಡ. ನಳ ಬರುವುದೇ ಎಷ್ಟೋ ದಿನಕ್ಕೊಮ್ಮೆ, 20 ನಿಮಿಷ ಎಲ್ಲಿಂದ ಹರಿಸಲಿ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೆಳಗೆ ಶುದ್ಧವಾದ ಬುಟ್ಟಿ ಇಟ್ಟು, ಬಿದ್ದ ನೀರನ್ನೇ ಚರಿಗೆಯಲ್ಲಿ ಮತ್ತೆ ಮತ್ತೆ ಹಾಕಿ. ಬಳೆ, ಉಂಗುರ ಬಾವು ಬರುವ ಮೊದಲೇ ತೆಗೆಯಿರಿ. ಬೊಬ್ಬೆ ಒಡೆಯಬೇಡಿ. ಒಗೆದ ಹತ್ತಿಬಟ್ಟೆ ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಹೋಗಿ.

ಕರೆಂಟಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಅದು ನೀವು ಮಾಡುವ ಕೆಲಸವಲ್ಲ, ಬಲ್ಲ ಎಲೆಕ್ಟ್ರಿಷಿಯನ್ ಮಾಡುವ ಕೆಲಸ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬಂದ್ ಆಗುವ ಸ್ವಿಚ್) ಇದೆಯಾ, ಅರ್ಥಿಂಗ್ ಸರಿಯಿದೆಯಾ ಎಂದು ಅವರನ್ನೇ ಕರೆದು ನೋಡಿಸಿ. ನೀರು ಕಾಯಿಸುವ ಕಾಯಿಲ್ಲನ್ನು ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಬೇಡಿ. ಮಗ್ಗದ ಕೋಣೆಯ ಸ್ವಿಚ್‌ಬೋರ್ಡ್ ಮೇಲೆ ಕೂತ ನೂಲಿನ ಧೂಳನ್ನು, ಮೇನ್ ಸ್ವಿಚ್ ಆರಿಸಿ, ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಒರೆಸಿ. ನೂಲಿನ ಲಡಿಗಳನ್ನು ಬೋರ್ಡಿನ ಕೆಳಗೆ ಪೇರಿಸಬೇಡಿ.

ನನಗೆ ಹೆಚ್ಚು ಚಿಂತೆ ಹತ್ತಿದ್ದು ನಿಮ್ಮ ಬಾಗಿಲಿನ ಬಗ್ಗೆ. ಉದ್ದನೆಯ ಮನೆ, ಮುಂದೊಂದೇ ಬಾಗಿಲು, ಹಿತ್ತಲ ಬಾಗಿಲಿಗೆ ಗ್ರಿಲ್, ಗ್ರಿಲ್ಲಿಗೆ ಕೀಲಿ, ಕೀಲಿ ನಿಮ್ಮ ಯಜಮಾನರ ಪ್ಯಾಂಟಿನ ಜೇಬಿನಲ್ಲಿ! ಮುಂದಿನ ಪಡಸಾಲೆಯಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಿದ ಎಲೆಕ್ಟ್ರಿಕ್ ಸ್ಕೂಟರ್. ಅದರ ಬ್ಯಾಟರಿಗೆ ಬೆಂಕಿ ಹತ್ತಿದರೆ ಹೊರಗೆ ಬರಲು ಇರುವ ಒಂದೇ ದಾರಿಯೂ ಹೋಯಿತು. ಸ್ಕೂಟರನ್ನು ಹಗಲಲ್ಲಿ, ಎಲ್ಲರೂ ಎದ್ದಿರುವಾಗ, ಹೊರಗೆ ಚಾರ್ಜ್ ಮಾಡಿ. ಗ್ರಿಲ್ಲಿನ ಕೀಲಿಯನ್ನು ಒಳಗಡೆ, ಕತ್ತಲಲ್ಲೂ ಕೈಗೆ ಸಿಗುವ ಮೊಳೆಗೆ ಹಾಕಿ. ಬಾಗಿಲ ವಿಷಯಕ್ಕೆ ಬಂದಾಗ ನೆನಪಾಯಿತು: ಗೃಹಪ್ರಾರ್ಥನೆಯ ದಿನ ನಲವತ್ತು ಜನರ ಚಪ್ಪಲಿ ಎಲ್ಲಿ ಬಿದ್ದಿರುತ್ತವೆ ಎಂದು ಒಮ್ಮೆ ನೋಡಿ. ಹೊಸ್ತಿಲ ಮೇಲೇ ಅಲ್ವಾ? ನಮ್ಮ ಸಭೆಯಲ್ಲೂ ಅಷ್ಟೇ. ಕ್ರಿಸ್ಮಸ್ಸಿಗೆ ಅದೇ ಪಡಸಾಲೆಯಲ್ಲಿ ಒಣ ಹುಲ್ಲಿನ ಗೋದಲಿ, ಥರ್ಮೋಕೋಲಿನ ಗುಡ್ಡ, ನಡುವೆ ನಿಜವಾದ ಮೇಣದಬತ್ತಿ. ಎಲ್‌ಇಡಿ ಬಲ್ಬು ಸಾಕು. ಮಲಗುವಾಗ ಅದನ್ನೂ ಆರಿಸಿ.

ನಿಮ್ಮ ಪತ್ರದಲ್ಲಿ ನನಗೆ ಬೇಸರ ತಂದ ಸಾಲು ಒಂದೇ, ಅದೂ ನಿಮ್ಮದಲ್ಲ. ಬೆಂಕಿ ಬಿದ್ದ ಆ ಮನೆಯವರು ಆರಾಧನೆಗೆ ಬರುವುದು ಬಿಟ್ಟಿದ್ದರು, ಅದಕ್ಕೇ ಹೀಗಾಯಿತು ಎಂದು ಸಭೆಯಲ್ಲಿ ಯಾರೋ ಅಂದರಂತೆ. ಯೆರೂಸಲೇಮಿನ ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಾಗಲೂ ಜನ ಹೀಗೇ ಯೋಚಿಸಿದ್ದರು. ಯೇಸು ಕಡ್ಡಿ ಮುರಿದ ಹಾಗೆ ಅಲ್ಲ ಎಂದರು. ಲೂಕ 13ರಲ್ಲಿದೆ. ಹಾಗೆ ಅಂದವರು ಆ ಮನೆಗೆ ಒಂದು ಕೊಡ, ಎರಡು ಪಾತ್ರೆ ಕೊಟ್ಟು ಬಂದಿದ್ದಾರಾ? ನೀವಾದರೂ ಹೋಗಿ ಬನ್ನಿ. ರೇಷನ್ ಕಾರ್ಡು, ಆಧಾರ್, ಮಕ್ಕಳ ಮಾರ್ಕ್ಸ್ ಕಾರ್ಡು ಸುಟ್ಟಿದ್ದರೆ ಅರ್ಜಿ ಬರೆದುಕೊಡುವವರು ಬೇಕಾಗಿರುತ್ತಾರೆ. ನಿಮ್ಮ ಅಕ್ಷರ ಚೆನ್ನಾಗಿದೆ.

ಕೊನೆಗೆ, ಅಗ್ನಿನಂದಕವನ್ನು ಅತ್ತೆಯವರಿಗೆ ತಿಳಿಯದಂತೆ ತಂದು ಇಡಲಾ ಎಂದು ಕೇಳಿದ್ದೀರಿ. ಬೇಡ. ಬೆಂಕಿ ಹತ್ತಿದಾಗ ಮನೆಯಲ್ಲಿ ಅವರೊಬ್ಬರೇ ಇರಬಹುದು, ಅದನ್ನು ಬಳಸಬೇಕಾದವರು ಅವರೇ ಆಗಬಹುದು. ಮಾಳಿಗೆಯ ವಚನ ಓದಿ ಹೇಳಿ, ಅಂಗಡಿಗೂ ಕರೆದುಕೊಂಡು ಹೋಗಿ. ಎಬಿಸಿ ಪುಡಿಯದನ್ನೇ (ಕಟ್ಟಿಗೆ-ಬಟ್ಟೆ, ಪೆಟ್ರೋಲಿನಂಥ ದ್ರವ, ಗ್ಯಾಸ್ ಮೂರೂ ಬಗೆಯ ಬೆಂಕಿಗೆ ಆಗುವಂಥದ್ದು) ಕೇಳಿ, ಅವರ ಕೈಗೆ ಎತ್ತಲು ಬರುವಷ್ಟು ಭಾರದ್ದು, ಎರಡು ಕೆಜಿಯದಾದರೂ ಆಗುತ್ತದೆ. ಗಡಿಯಾರದಂಥ ಮಾಪಕದ ಮುಳ್ಳು ಹಸಿರಿನಲ್ಲಿ ಇದೆಯಾ ನೋಡಿ. ಪಿನ್ ಎಳೆದು, ಬೆಂಕಿಯ ಬುಡಕ್ಕೆ ಹಿಡಿದು, ಹಿಡಿಕೆ ಒತ್ತಬೇಕು. ಕೆಲವೇ ಸೆಕೆಂಡಿನಲ್ಲಿ ಖಾಲಿಯಾಗುತ್ತದೆ. ಅಷ್ಟರಲ್ಲಿ ಆರದಿದ್ದರೆ ಎಲ್ಲ ಬಿಟ್ಟು ಹೊರಗೆ ಓಡಿ. ಒಲೆಯ ಪಕ್ಕದಲ್ಲಿ ಹಾಕಬೇಡಿ, ಉರಿ ಅಲ್ಲೇ ಇದ್ದರೆ ಕೈ ಹಾಕಲು ಬರುವುದಿಲ್ಲ. ಬಾಗಿಲ ಹತ್ತಿರ ಬೇಕು. ಆ ವಾಕ್ಯದ ಫಲಕದ ಕೆಳಗೆ ಜಾಗ ಇದ್ದರೆ ಅಲ್ಲೇ ಹಾಕಿ. ಮಣ್ಣಿನ ಗೋಡೆ ಎಂದಿದ್ದೀರಿ, ಬರೀ ಮೊಳೆ ಭಾರ ತಡೆಯುವುದಿಲ್ಲ, ಬಾಗಿಲ ಚೌಕಟ್ಟಿನ ಕಟ್ಟಿಗೆಗೇ ಗಟ್ಟಿ ಸ್ಕ್ರೂ ಹಾಕಿಸಿ.

ಸಂಪಾದಕ