ಹಳೆಯ ಸ್ಟೋರ್ ಕಾರ್ಡಿನ ದಂಡ, ಕೈಗೆ ಸಿಗದ ಲೆಕ್ಕ

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿ ನೆಲೆಸಿದ್ದೇನೆ. 2004ರ ಸುಮಾರಿಗೆ ಸ್ಟೋರ್ ಕಾರ್ಡಿನ (ನಿರ್ದಿಷ್ಟ ಅಂಗಡಿಗಳಲ್ಲಿ ಸಾಲಕ್ಕೆ ಕೊಳ್ಳಲು ಬಳಸುವ ಕಾರ್ಡ್) ಕಂತು ತಡವಾದಾಗಲೆಲ್ಲ ಸಾಲ ನೀಡಿದ ಕಂಪನಿ ದಂಡ ಹಾಕಿತ್ತು. ಅದನ್ನು ಮರಳಿ ಪಡೆಯಲು ಖಾತೆಯ ವಿವರ ಕೇಳಿದರೆ ಉತ್ತರವೇ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಕುರಿತು ಕಂಪನಿಯ ಬಳಿಯಿರುವ ಮಾಹಿತಿಯ ಪ್ರತಿಯನ್ನು ಪಡೆಯುವ ಹಕ್ಕು ಬ್ರಿಟನ್ನಿನ ದತ್ತಾಂಶ ಸಂರಕ್ಷಣಾ ಕಾನೂನಿನಡಿ ನಿಮಗಿದೆ. ಹಿಂದೆ ಇದಕ್ಕೆ 10 ಪೌಂಡ್‌ವರೆಗೆ ಶುಲ್ಕ ಪಡೆಯಬಹುದಿತ್ತು. 2018ರ ಮೇ ತಿಂಗಳಿನಿಂದ ಸಾಮಾನ್ಯವಾಗಿ ಉಚಿತ. ಕಾರ್ಡ್ ಸಂಖ್ಯೆ ನೆನಪಿಲ್ಲದಿದ್ದರೆ ಆಗಿನ ವಿಳಾಸ ಮತ್ತು ಜನ್ಮದಿನಾಂಕ ನಮೂದಿಸಿ, ವಿಧಿಸಿದ ಪ್ರತಿಯೊಂದು ಶುಲ್ಕದ ವಿವರವನ್ನೂ ಲಿಖಿತವಾಗಿ ಕೇಳಿರಿ. ಒಂದು ತಿಂಗಳೊಳಗೆ ಉತ್ತರಿಸಬೇಕು. ಕೋರಿಕೆ ಜಟಿಲವಾಗಿದ್ದರೆ ಅಥವಾ ನೀವು ಹಲವು ಕೋರಿಕೆ ಸಲ್ಲಿಸಿದ್ದರೆ ಮಾತ್ರ ಇನ್ನೆರಡು ತಿಂಗಳು ವಿಸ್ತರಿಸಬಹುದು. ಆಗಲೂ ಮೌನವಾದರೆ ಈ ಕಾನೂನಿನ ಪಾಲನೆ ನೋಡಿಕೊಳ್ಳುವ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿಗೆ ದೂರು ಕೊಡಬಹುದು, ಆದರೆ ಆ ಕಚೇರಿ ನಿಮಗೆ ಪರಿಹಾರಧನ ಕೊಡಿಸುವುದಿಲ್ಲ. ದಾಖಲೆಗಳನ್ನು ಬಚ್ಚಿಡುವುದು ಬೇರೆ, ಅವಧಿ ಮುಗಿದು ನಾಶಪಡಿಸಿರುವುದು ಬೇರೆ. ತನ್ನಲ್ಲಿಲ್ಲದ್ದನ್ನು ಕೊಡುವಂತೆ ಯಾರನ್ನೂ ಒತ್ತಾಯಿಸಲಾಗದು. ಆದ್ದರಿಂದ ನಿಮ್ಮ ಹಳೆಯ ಬ್ಯಾಂಕ್ ಪಾಸ್‌ಬುಕ್, ಪತ್ರಗಳನ್ನು ಈಗಲೇ ಹುಡುಕಿಡಿ.

ಕ್ರೆಡಿಟ್ ಕಾರ್ಡಿನ ಇಂತಹ ಶುಲ್ಕ 12 ಪೌಂಡ್ ಮೀರಿದರೆ ಅನ್ಯಾಯವೆಂದು ಭಾವಿಸುವುದಾಗಿ 2006ರಲ್ಲಿ ಅಲ್ಲಿನ ಆಗಿನ ಗ್ರಾಹಕ ಹಿತರಕ್ಷಣಾ ಸಂಸ್ಥೆಯಾದ ನ್ಯಾಯಯುತ ವ್ಯಾಪಾರ ಕಚೇರಿ ಹೇಳಿತ್ತು. ನಿಮ್ಮ ವಾದಕ್ಕೆ ಅದು ಆಸರೆಯಾದೀತು. ಆದರೆ ನಿಜವಾದ ತೊಡಕು ಕಾಲಮಿತಿಯದು. ಇಂಗ್ಲೆಂಡಿನಲ್ಲಿ ಒಪ್ಪಂದದ ದಾವೆಗೆ ಸಾಮಾನ್ಯವಾಗಿ 6 ವರ್ಷಗಳ ಮಿತಿಯಿದ್ದು, ವಂಚನೆ, ಉದ್ದೇಶಪೂರ್ವಕ ಮರೆಮಾಚುವಿಕೆ ಅಥವಾ ತಪ್ಪುಗ್ರಹಿಕೆಯ ಸಂದರ್ಭಗಳಲ್ಲಿ ಅದು ತಡವಾಗಿ ಆರಂಭವಾಗಬಹುದಾದರೂ, ಲೆಕ್ಕ ಕೊಡದ ಮಾತ್ರಕ್ಕೆ ಆ ವಿನಾಯಿತಿ ದೊರೆಯುತ್ತದೆಂದು ನಂಬಿ ನ್ಯಾಯಾಲಯದ ಶುಲ್ಕ ಕಟ್ಟುವುದು ನನ್ನ ಅಭಿಪ್ರಾಯದಲ್ಲಿ ವಿವೇಕವಲ್ಲ. ಮೊದಲು ಕಂಪನಿಗೆ ಔಪಚಾರಿಕ ದೂರು ಕೊಡಿ; 8 ವಾರಗಳಲ್ಲಿ ಅಂತಿಮ ಉತ್ತರ ಬಾರದಿದ್ದರೆ ಗ್ರಾಹಕರ ಮತ್ತು ಹಣಕಾಸು ಕಂಪನಿಗಳ ನಡುವಿನ ವ್ಯಾಜ್ಯ ಬಗೆಹರಿಸುವ ಹಣಕಾಸು ಓಂಬುಡ್ಸ್‌ಮನ್ ಸೇವೆಗೆ ಉಚಿತವಾಗಿ ಮೊರೆಹೋಗಬಹುದು.