ಗೀಟು ಹೊಡೆದ ಸಾಲು

ನಮಸ್ಕಾರ.

ನಿಮ್ಮ 'ಬಂದೂಕು ಕಾನೂನು: ಬೇಕೇ, ಬೇಡವೇ?' ಲೇಖನ ಕೈಸೇರಿ ಮೂರು ವಾರವಾಯಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಹಾಗಂತ ಒಂದು ಚೀಟಿ ಅಂಟಿಸಿ ಸುಮ್ನೆ ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ. ಅದಕ್ಕೇ ಈ ಪತ್ರ.

ಮೊದಲು ತಕರಾರು. ಹನ್ನೆರಡು ಪುಟದಲ್ಲಿ ಎಂಟು ಪುಟ ಅಮೆರಿಕ. ಅಲ್ಲಿ "ತರಕಾರಿ ಕೊಂಡ ಹಾಗೆ ಬಂದೂಕು ಕೊಳ್ಳಬಹುದು" ಎಂದಿದ್ದೀರಿ. ಅಷ್ಟು ಸಲೀಸಲ್ಲ. ಲೈಸೆನ್ಸ್ ಇರುವ ವ್ಯಾಪಾರಿ ಬಂದೂಕು ಕೊಡುವ ಮುಂಚೆ ಕೊಳ್ಳುವವನ ಹಿನ್ನೆಲೆ ತಪಾಸಣೆ ಆಗಬೇಕು. 1993ರ ಬ್ರೇಡಿ ಕಾಯ್ದೆ ತಂದ ನಿಯಮ ಅದು. ತೂತು ಇರುವುದು ಬೇರೆ ಕಡೆ. ವ್ಯಾಪಾರಿಯಲ್ಲದವನೊಬ್ಬ ತನ್ನದೇ ರಾಜ್ಯದ ಇನ್ನೊಬ್ಬನಿಗೆ ಬಂದೂಕು ಮಾರಿದರೆ ಕೇಂದ್ರದ ಕಾನೂನು ಆ ತಪಾಸಣೆಯನ್ನು ಕಡ್ಡಾಯ ಮಾಡಿಲ್ಲ. ಕೆಲವು ರಾಜ್ಯಗಳು ತಾವಾಗಿ ಮಾಡಿಕೊಂಡಿವೆ, ಕೆಲವು ಇಲ್ಲ. ನೀವು ಬೈಯಬೇಕಿದ್ದದ್ದು ಅದನ್ನು.

ಇನ್ನೊಂದು ಮಾತು. ಅಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಾವೇ ಗುಂಡು ಹಾರಿಸಿಕೊಂಡವರು. ನಿಮ್ಮ ಎಂಟು ಪುಟದಲ್ಲಿ ಅವರಿಗೆ ಒಂದು ಸಾಲೂ ಸಿಕ್ಕಿಲ್ಲ. ಶಾಲೆಗೆ ನುಗ್ಗುವವನನ್ನು ತಡೆಯುವ ಕಾನೂನು ಬೇರೆ, ಮನಸ್ಸು ಕೆಟ್ಟ ರಾತ್ರಿ ಬೀರುವಿನಲ್ಲಿ ಬಂದೂಕು ಸಿಗದ ಹಾಗೆ ಮಾಡುವ ಕಾನೂನು ಬೇರೆ. ಎರಡನ್ನೂ ಒಂದೇ ಗಂಟು ಕಟ್ಟಿ "ಕಾನೂನಿನಿಂದ ಉಪಯೋಗ ಇದೆಯೇ" ಎಂದು ಕೇಳುತ್ತೀರಿ. ಮಾತ್ರೆಯಿಂದ ಉಪಯೋಗ ಇದೆಯೇ ಎಂದು ಕೇಳಿದ ಹಾಗಾಯಿತು. ಯಾವ ಮಾತ್ರೆ, ಯಾವ ಕಾಯಿಲೆಗೆ?

ಆಸ್ಟ್ರೇಲಿಯಾದ ಭಾಗ ಪರವಾಗಿಲ್ಲ. 1996ರಲ್ಲಿ ಪೋರ್ಟ್ ಆರ್ಥರ್ ಎಂಬಲ್ಲಿ ಒಬ್ಬ ಗುಂಡು ಹಾರಿಸಿ ಜನರನ್ನು ಕೊಂದ ಮೇಲೆ ಅಲ್ಲಿ ಕಾನೂನು ಬಿಗಿ ಮಾಡಿದ್ದನ್ನು ಹೇಳಿದ್ದೀರಿ. ಆದರೆ "1996ರ ನಂತರ ಅಲ್ಲಿ ಇಂಥ ದಾಳಿ ನಡೆದೇ ಇಲ್ಲ" ಎಂಬ ಸಾಲು ತಪ್ಪು. 2018ರಲ್ಲಿ ಆಸ್ಮಿಂಗ್‌ಟನ್ ಎಂಬಲ್ಲಿ ಒಂದೇ ಕುಟುಂಬದ ಏಳು ಜನ ಗುಂಡಿಗೆ ಸತ್ತರು. 2025ರ ಡಿಸೆಂಬರ್‌ನಲ್ಲಿ ಸಿಡ್ನಿಯ ಬಾಂಡಿ ಕಡಲತೀರದಲ್ಲಿ ದೊಡ್ಡ ದಾಳಿಯೇ ಆಯಿತು. ವಾದ ಗೆಲ್ಲುವ ಆತುರದಲ್ಲಿ ಇಂಥ ಸಾಲು ಬರೆದರೆ, ಎದುರಿನವನು ಅದೊಂದನ್ನೇ ಹಿಡಿದು ಉಳಿದದ್ದನ್ನೆಲ್ಲ ಉರುಳಿಸುತ್ತಾನೆ. 'ಬಂದೂಕಿನ ಸಾವು ಆ ಕಾನೂನಿಗೂ ಮುಂಚೆಯೇ ಇಳಿಯುತ್ತಾ ಬಂದಿತ್ತು' ಎನ್ನುವವರೂ ಇದ್ದಾರೆ. ಅವರಿಗೂ ಉತ್ತರ ಕೊಡಬೇಕಲ್ವಾ?

ಈಗ ನನಗೆ ಇಷ್ಟವಾದ ಜಾಗಕ್ಕೆ ಬರುತ್ತೇನೆ. ಒಂಬತ್ತನೇ ಪುಟ. ಚುನಾವಣೆ ಬಂತು, ಲೈಸೆನ್ಸ್ ಇರುವ ಕೋವಿಗಳನ್ನೆಲ್ಲ ಠಾಣೆಗೆ ತಂದು ಒಪ್ಪಿಸಿ ಎಂದು ಹೇಳಿಕಳಿಸಿದರು. ನಿಮ್ಮ ಅಪ್ಪ ಒಂಟಿ ನಳಿಗೆಯ ಕೋವಿಯನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಬೆಳಗಿನ ಬಸ್ಸಿಗೆ ಹೊರಟರು. ಕಂಡಕ್ಟರ್ ಅದಕ್ಕೂ ಲಗೇಜ್ ಟಿಕೆಟ್ ಹರಿದ. ಠಾಣೆಯಲ್ಲಿ ಕೋವಿಯ ಟ್ರಿಗರ್ ಹತ್ತಿರ ದಾರದಿಂದ ಒಂದು ಚೀಟಿ ಕಟ್ಟಿ ಮೂಲೆಗೆ ಒರಗಿಸಿದರು. ಕೊಟ್ಟ ರಸೀದಿಯನ್ನು ಅಪ್ಪ ಅಡಿಕೆ ಲೆಕ್ಕದ ಪುಸ್ತಕದಲ್ಲಿ ಇಟ್ಟರು. ಅವತ್ತಿನಿಂದ ಹಂದಿ ಓಡಿಸಲು ರಾತ್ರಿ ಪಟಾಕಿ. ಇಷ್ಟನ್ನೂ ಅರ್ಧ ಪುಟದಲ್ಲಿ ಮುಗಿಸಿ ಮತ್ತೆ ಟೆಕ್ಸಾಸ್‌ಗೆ ಹಾರಿಬಿಟ್ಟಿದ್ದೀರಿ!

ಅದೇ ಪುಟದಲ್ಲಿ ನೀವು ಗೀಟು ಹೊಡೆದ ಒಂದು ಸಾಲಿದೆ. ಬೆಳಕಿಗೆ ಹಿಡಿದು ಓದಿದೆ, ಕ್ಷಮಿಸಿ. "ಪಕ್ಕದ ತೋಟದಲ್ಲಿ ಮಾತ್ರ ರಾತ್ರಿ ಈಡು ಕೇಳುತ್ತಿತ್ತು. ಅವರದು ನಾಡಕೋವಿ, ಅದಕ್ಕೆ ಲೈಸೆನ್ಸೇ ಇರಲಿಲ್ಲ."

ಇದನ್ನು ಯಾಕೆ ಹೊಡೆದಿರಿ? ನೆರೆಯವರ ಹೆದರಿಕೆ ಇದ್ದರೆ ತೋಟ, ಊರು, ದಿಕ್ಕು ಬದಲಿಸಿ, ಯಾರಿಗೂ ಗುರುತು ಸಿಗದ ಹಾಗೆ ಬರೆಯಿರಿ. 'ಬಿಗಿ ಕಾನೂನು ಬೇಕು' ಎಂಬ ನಿಮ್ಮ ತೀರ್ಮಾನಕ್ಕೆ ಅಡ್ಡ ಬರುತ್ತದೆ ಎಂದು ಹೊಡೆದಿದ್ದರೆ ಅದು ಸರಿಯಲ್ಲ. ಅಡ್ಡ ಬರಲಿ ಬಿಡಿ. 1959ರ ಶಸ್ತ್ರಾಸ್ತ್ರ ಕಾಯ್ದೆ ನಿಮ್ಮ ಅಪ್ಪನನ್ನು ಬಸ್ ಹತ್ತಿಸಿತು, ಬೇಲಿಯಾಚೆ ಹೋಗಲಿಲ್ಲ. 2019ರಲ್ಲಿ ತಿದ್ದುಪಡಿ ಮಾಡಿ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಸಿದರಲ್ಲ, ಆ ಲೆಕ್ಕ ಕೂಡ ಲೈಸೆನ್ಸ್ ಪುಸ್ತಕದಲ್ಲಿರುವ ಕೋವಿಗಳದ್ದೇ.

ಹಾಗಾದರೆ ಕಾನೂನು ದಂಡವೇ? ಇಲ್ಲಿ ನಿಮ್ಮ ಆಸ್ಟ್ರೇಲಿಯಾ ಕೆಲಸಕ್ಕೆ ಬರುತ್ತದೆ. ಪೋರ್ಟ್ ಆರ್ಥರ್‌ನಲ್ಲಿ 35 ಜನರನ್ನು ಕೊಂದವನ ಹತ್ತಿರವೂ ಲೈಸೆನ್ಸ್ ಇರಲಿಲ್ಲ. ಅವನೂ ಒಂದು ರೀತಿಯಲ್ಲಿ ಬೇಲಿಯಾಚೆಯವನೇ. ಅದಕ್ಕೆ ಅಲ್ಲಿನ ಸರ್ಕಾರ ಲೈಸೆನ್ಸ್ ಬಿಗಿ ಮಾಡಿ ಕೈತೊಳೆದುಕೊಳ್ಳಲಿಲ್ಲ. ಒಂದಾದ ಮೇಲೊಂದು ಗುಂಡು ತಾನೇ ತುಂಬಿಕೊಳ್ಳುವ ರೈಫಲ್ ಥರದವು ಸಾಮಾನ್ಯ ಜನರ ಕೈಯಲ್ಲಿ ಇರಲೇಬಾರದು ಎಂದು ಗುರಿ ಇಟ್ಟಿತು. ಜನರಿಂದ ಒಂದು ಸಲಕ್ಕೆಂದು ಹೆಚ್ಚುವರಿ ತೆರಿಗೆ ಎತ್ತಿ, ಆ ದುಡ್ಡು ಕೊಟ್ಟು ಸುಮಾರು ಆರೂವರೆ ಲಕ್ಷ ಬಂದೂಕು ವಾಪಸ್ ಪಡೆಯಿತು. ದುಡ್ಡು ಕೊಟ್ಟು, ಗಮನಿಸಿ. ನಾಡಕೋವಿ ತಂದೊಪ್ಪಿಸಿದರೆ ಕೇಸಿಲ್ಲ, ಕಾಸೂ ಸಿಗುತ್ತದೆ ಎಂದಿದ್ದರೆ ನಿಮ್ಮ ನೆರೆಯವರು ಏನು ಮಾಡುತ್ತಿದ್ದರು? ಹಂದಿ ಕಾಟ ಹಾಗೇ ಇರುವಾಗ ಕೊಡುತ್ತಿದ್ದರಾ? ಲೇಖನ ಇಲ್ಲಿಂದ ಶುರುವಾಗಬಹುದು. ನಿಮಗೆ ಅವರು ಗೊತ್ತು, ನನಗೆ ಗೊತ್ತಿಲ್ಲ.

ಕೊಡವರ ಬಗ್ಗೆ "ಅವರಿಗೆ ಏನೂ ನಿಯಮವಿಲ್ಲ" ಎಂದಿರುವುದನ್ನು ತೆಗೆಯಿರಿ. ಅವರಿಗೂ, ಜಮ್ಮಾ ಎಂಬ ಕೊಡಗಿನ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವುದು ಲೈಸೆನ್ಸಿನಿಂದ ವಿನಾಯಿತಿ. ಕಾಯ್ದೆಯೊಳಗೇ ಅದಕ್ಕೆ ದಾರಿ ಇದೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ. ಅದೇ ಒಂದು ಬೇರೆ ಲೇಖನ, ಇದರಲ್ಲಿ ತುರುಕಬೇಡಿ.

ಹನ್ನೆರಡು ಪುಟ ಬೇಡ, ಐದು ಸಾಕು. 'ರಕ್ತಪಿಪಾಸು', 'ಸಾವಿನ ದಲ್ಲಾಳಿಗಳು' ಇವನ್ನೆಲ್ಲ ಬಿಡಿ. ಪ್ರತಿಯನ್ನು ಅಂಚೆಯಲ್ಲಿ ಕಳಿಸಿದ್ದೇನೆ, ಒಂಬತ್ತನೇ ಪುಟದ ಅಂಚಿನಲ್ಲಿ ಪೆನ್ಸಿಲ್ ಗುರುತಿದೆ. ಅಡಿಕೆ ಪುಸ್ತಕದಲ್ಲಿ ಆ ರಸೀದಿ ಇನ್ನೂ ಇದ್ದರೆ, ಅದರಲ್ಲಿ ಏನೇನು ಬರೆದಿದೆ ಎಂದು ಅಪ್ಪನ ಹತ್ತಿರ ಕೇಳಿ ನೋಡಿ.

ಇತಿ,
ಸಂಪಾದಕ